ಪ್ರಶ್ನೆ ಕೇಳಲು ಕಲಿಸಿದ ಎಚ್.ಎನ್.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಒಂದು ಬಡ ಕುಟುಂಬದಲ್ಲಿ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದರು. ಆಗ ನಮ್ಮ ಊರುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಮುಂದೆ ಓದುವ ಆಸೆಯಿತ್ತು, ಬಸ್ಸಿಗೆ ದುಡ್ಡಿರಲಿಲ್ಲ. 1935ರಲ್ಲಿ ಹುಡುಗ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು ಬಂದು ಅದೇ ಕಾಲೇಜಿಗೆ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ, ಹಾಸ್ಟೆಲಿನ ಒಂದು ಕೋಣೆಯೇ ಅವರ ಮನೆ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಿದ್ದು ಅವರ ಶ್ರಮದಿಂದ.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ಕುರಿತು ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದು ಎಂಬುದು ಅವರ ಜೀವನದ ನಿಲುವು. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಲೋಹವೂ ಅಲ್ಲ, ಬೆಳಕಿನ ಕಿರಣವೂ ಅಲ್ಲ, ಮನುಷ್ಯ. ಮನುಷ್ಯನನ್ನು ಪರೀಕ್ಷಿಸುವ ಮುನ್ನ ಅವನನ್ನು ಕೇಳಬೇಕು.

ಎಚ್.ಎನ್. ಕೇಳಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಸಮಿತಿಯೊಂದಿಗೆ ಸಹಕರಿಸುವಂತೆ ಕೋರಿದರು. ಉತ್ತರ ಬರದಿದ್ದಾಗ ಮತ್ತೆ ಬರೆದರು. ಒಟ್ಟು ಮೂರು ಪತ್ರಗಳು ಹೋದವು. ಪರೀಕ್ಷೆಗೆ ಒಪ್ಪಿಗೆ ಸಿಗಲಿಲ್ಲ, ಪರೀಕ್ಷೆಯೂ ನಡೆಯಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಸಾರ್ವಜನಿಕವಾಗಿ ಪವಾಡ ತೋರಿಸುವವರನ್ನು ಸಾರ್ವಜನಿಕವಾಗಿಯೇ ಪ್ರಶ್ನಿಸಬಹುದು ಎಂಬುದು ಅವರ ವಾದ.

ಇನ್ನೊಂದು ಪ್ರಕರಣ ಇದಕ್ಕಿಂತ ಕಷ್ಟದ್ದು. ಮೈಸೂರು ಕಡೆಯ ಊರೊಂದರಲ್ಲಿ ಚಿಕ್ಕ ಹುಡುಗನೊಬ್ಬನ ಮೈಯಿಂದ ವಿಭೂತಿ ಬರುತ್ತದೆಂದು ಜನ ಸೇರುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೆ ಅಡಗಿದ್ದದ್ದು ಬಯಲಾಯಿತು. ಮೋಸ ಹೋಗುತ್ತಿದ್ದ ಜನರಿಗೆ ಸತ್ಯ ತಿಳಿದದ್ದು ಒಳ್ಳೆಯದೇ. ಆದರೆ ಎಲ್ಲರೆದುರು ತಲೆ ತಗ್ಗಿಸಬೇಕಾದದ್ದು ಒಂದು ಮಗು. ಆ ಮಗುವಿನ ಪರವಾಗಿ ಯಾರು ಮಾತಾಡಬೇಕಿತ್ತು? ಎಚ್.ಎನ್. ಅವರನ್ನು ಗೌರವಿಸುವವರೂ ಈ ಪ್ರಶ್ನೆಯನ್ನು ಕೇಳಲೇಬೇಕು. ಪ್ರಶ್ನಿಸಲು ಕಲಿಸಿದವರು ಅವರೇ ತಾನೆ.

ಆಗ ನಮ್ಮ ದೇಶದಲ್ಲಿ ಇದಕ್ಕೆ ಲಿಖಿತ ನಿಯಮಗಳಿರಲಿಲ್ಲ. ಮನುಷ್ಯರ ಮೇಲಿನ ಸಂಶೋಧನೆಯ ನೀತಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲು ಪ್ರಕಟಿಸಿದ್ದು 1980ರಲ್ಲಿ. ಅದರ 2017ರ ಮಾರ್ಗಸೂಚಿಯಂತೆ 18 ವರ್ಷದೊಳಗಿನವರ ಅಧ್ಯಯನಕ್ಕೆ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಅದರ ಜೊತೆಗೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರ ಲಿಖಿತ ಸಮ್ಮತಿಯೂ ಬೇಕು. ಅಂದರೆ ಪಿಯುಸಿ ಓದುವ ನಮ್ಮಲ್ಲಿ ಹೆಚ್ಚಿನವರಿಗೂ ಈ ರಕ್ಷಣೆ ಅನ್ವಯಿಸುತ್ತದೆ.

ಮನಃಶಾಸ್ತ್ರದ ಪ್ರಾಜೆಕ್ಟಿಗೆಂದು ನಮ್ಮಲ್ಲಿ ಯಾರಾದರೂ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಕಾರ್ಮಿಕರ ನಿದ್ದೆಯ ಬಗ್ಗೆ ಕೇಳಲು ಹೊರಟರೆನ್ನಿ, ಅಥವಾ ಚಿಂತಾಮಣಿಯಲ್ಲಿ ಸಹಪಾಠಿಗಳ ಪರೀಕ್ಷಾ ಭಯದ ಬಗ್ಗೆ ಪ್ರಶ್ನಾವಳಿ ಹಂಚಿದರೆನ್ನಿ. ಏಕೆ ಕೇಳುತ್ತಿದ್ದೇವೆ ಎಂದು ಮೊದಲು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡವೋ ಉರ್ದುವೋ ತೆಲುಗೋ, ಹೇಳಬೇಕು. ಬೇಡವೆಂದರೆ ಸುಮ್ಮನೆ ಹಿಂತಿರುಗಬೇಕು. ಬೇಡವೆಂದವರಿಗೆ ಏನೋ ಮುಚ್ಚಿಡುವುದಿದೆ ಎಂದು ತಿಳಿಯುವುದು ತಪ್ಪು. ನಡುವೆ ನಿಲ್ಲಿಸುತ್ತೇನೆಂದರೆ ಬಿಡಬೇಕು. ಹಾಳೆಯ ಮೇಲೆ ಹೆಸರು ಬರೆಸಬಾರದು. ಅವರು ಹೇಳಿದ ಮಾತು ನಮ್ಮ ಬಳಿ ಅಮಾನತ್. ಕ್ಯಾಂಟೀನಿನಲ್ಲಿ ಹಂಚಿ ನಗುವುದಕ್ಕಲ್ಲ.

ಎಚ್.ಎನ್. 2005ರ ಜನವರಿ 31ರಂದು ತೀರಿಕೊಂಡರು, ಇಂದಿನ ಪಿಯುಸಿ ವಿದ್ಯಾರ್ಥಿಗಳು ಹುಟ್ಟುವ ಮೊದಲೇ. ಅವರಿಂದ ಪ್ರಶ್ನಿಸುವ ಧೈರ್ಯ ಕಲಿಯೋಣ. ಎದುರಿಗಿರುವವರನ್ನು ಮೊದಲು ಒಪ್ಪಿಗೆ ಕೇಳುವ ವಿನಯವನ್ನೂ ಅದರ ಜೊತೆಗೆ ರೂಢಿಸಿಕೊಳ್ಳೋಣ.