ಶಬ್ದದೊಳಗೆ ಬೆಳಕು ಹಾಯಿಸಿದ ರಾಮನ್

2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ. ಹಿಂದಿನ ಸಲ ಕೋಡಿ ಬಿದ್ದದ್ದು 1933ರಲ್ಲಿ. ಅದೇ ವರ್ಷ ಸಿ.ವಿ. ರಾಮನ್ ಕಲ್ಕತ್ತಾ ಬಿಟ್ಟು ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ.

ರಾಮನ್ ಅಂದ್ರೆ ನಮಗೆಲ್ಲ ಫೆಬ್ರವರಿ 28, ನೊಬೆಲ್, ಬೆಳಕು. ಆದರೆ 1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ಈ ಮನುಷ್ಯನಿಗೆ ಶಬ್ದದ ಹುಚ್ಚು ಮೊದಲಿನಿಂದಲೂ ಇತ್ತು. 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯಲ್ಲಿ ದೊಡ್ಡ ನೌಕರಿ ಹಿಡಿದರು. ಆಫೀಸಿನ ಹೊತ್ತು ಬಿಟ್ಟು ಉಳಿದ ವೇಳೆಯಲ್ಲಿ ಪ್ರಯೋಗಾಲಯ. ಪಿಟೀಲು, ವೀಣೆ, ಮೃದಂಗ ಯಾಕೆ ಹಾಗೆ ನುಡಿಯುತ್ತವೆ ಅಂತ ಹುಡುಕಿದರು. 1917ರಲ್ಲಿ ಆ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರೊಫೆಸರ್ ಆದರು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಇದನ್ನ ಓದೋಕೆ ಸ್ವಲ್ಪ ಕಷ್ಟವೇ!

ಬೆಂಗಳೂರಿನಲ್ಲಿ ಅವರೇ ಭೌತಶಾಸ್ತ್ರ ವಿಭಾಗ ಶುರು ಮಾಡಿದರು. ಅಷ್ಟರಲ್ಲಿ ಅಮೆರಿಕಾದಲ್ಲೂ ಫ್ರಾನ್ಸ್‌ನಲ್ಲೂ 1932ರಲ್ಲಿ ಒಂದು ವಿಚಿತ್ರ ಕಂಡಿತ್ತು. ದ್ರವದೊಳಗೆ ಕಿವಿಗೆ ಕೇಳದಷ್ಟು ಹೆಚ್ಚು ಆವರ್ತನದ ಶಬ್ದ ಬಿಟ್ಟು, ಅಡ್ಡಲಾಗಿ ಬೆಳಕು ಹಾಯಿಸಿದರೆ ಆಚೆ ಕಡೆ ಒಂದಲ್ಲ, ಸಾಲಾಗಿ ಹಲವು ಗೆರೆಗಳು. ಯಾಕೆ ಅಷ್ಟೊಂದು ಅನ್ನೋದಕ್ಕೆ ಆಗಿನ ಸಿದ್ಧಾಂತ ಸರಿಯಾದ ಉತ್ತರ ಕೊಡಲಿಲ್ಲ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935-36ರಲ್ಲಿ ಸಾಲಾಗಿ ಪ್ರಬಂಧ ಬರೆದು ಅದನ್ನು ಬಿಡಿಸಿದರು. ಶಬ್ದ ಹೋದಲ್ಲಿ ದ್ರವ ಒತ್ತಾಗುತ್ತೆ, ಸಡಿಲಾಗುತ್ತೆ. ವಕ್ರೀಭವನ ಸೂಚ್ಯಂಕವೂ ಅದರ ಜೊತೆ ಏರಿಳಿಯುತ್ತೆ. ಒತ್ತಾದ ಕಡೆ ಬೆಳಕು ಸ್ವಲ್ಪ ಹಿಂದೆ ಬೀಳುತ್ತೆ. ಚಪ್ಪಟೆಯಾಗಿ ಒಳಹೋದ ಅಲೆಮುಖ ತಗಡಿನ ಶೀಟಿನ ಹಾಗೆ ಸುಕ್ಕಾಗಿ ಹೊರಬರುತ್ತೆ, ಅಲ್ಲಿಂದ ಹಲವು ದಿಕ್ಕಿಗೆ ಒಡೆಯುತ್ತೆ. ಯಾವ ಗೆರೆ ಎಷ್ಟು ಪ್ರಖರ ಅಂತ ಹೇಳೋದು ನಾವು ಬೈಕೊಂಡು ಕಲಿಯುವ ಅದೇ ಬೆಸೆಲ್ ಫಂಕ್ಷನ್.

ಆ ಕೆಲಸ ನಡೆದದ್ದು ಶಾಂತಿಯಲ್ಲಿ ಅಲ್ಲ. ಬೇರೆ ವಿಭಾಗಗಳನ್ನು ಕಡೆಗಣಿಸಿ ಭೌತಶಾಸ್ತ್ರಕ್ಕೇ ಹಣ ಸುರಿಯುತ್ತಾರೆ ಅನ್ನೋ ದೂರು ಎದ್ದಿತ್ತು. ದೂರಿನಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ರಾಮನ್ ಬಗ್ಗುವ ಜನವೂ ಅಲ್ಲ. 1937ರಲ್ಲಿ ನಿರ್ದೇಶಕ ಸ್ಥಾನ ಹೋಯಿತು. ಬೇಸರಪಟ್ಟು ಊರು ಬಿಡಲಿಲ್ಲ, ಅಲ್ಲೇ ಬರೀ ಪ್ರೊಫೆಸರ್ ಆಗಿ 1948ರವರೆಗೆ ಉಳಿದರು.

ರಾಮನ್ ಸಿಲಿಕಾನ್ ವೇಫರ್ ತೊಳೆದವರಲ್ಲ. ಆದರೆ ಇವತ್ತು ವೇಫರ್ ತೊಳೆಯುವ ಮೆಗಾಸಾನಿಕ್ ತೊಟ್ಟಿಯಲ್ಲಿರೋದು ಅಂಥದೇ ಶಬ್ದ, ಸುಮಾರು 1 ಮೆಗಾಹರ್ಟ್ಸ್. ಗಟ್ಟಿ ಮೇಲ್ಮೈಗೆ ಅಂಟಿ ಅಲುಗದೆ ನಿಲ್ಲುವ ನೀರಿನ ಪದರ 40 ಕಿಲೋಹರ್ಟ್ಸ್‌ನಲ್ಲಿ ಸುಮಾರು 3 ಮೈಕ್ರಾನ್ ದಪ್ಪ. 1 ಮೆಗಾಹರ್ಟ್ಸ್‌ನಲ್ಲಿ ಅರ್ಧ ಮೈಕ್ರಾನ್ ಆಸುಪಾಸು. ಹಾಗಾಗಿ ಹರಿವು ಧೂಳಿನ ಕಣದ ಬುಡದ ಹತ್ತಿರಕ್ಕೇ ಬರುತ್ತೆ. ಗುಳ್ಳೆಗಳೂ ಚಿಕ್ಕವಾಗಿ, ಸೂಕ್ಷ್ಮ ಗೆರೆಗಳಿಗೆ ಹಾನಿ ಕಡಿಮೆ. ನೀರಿನೊಳಗೆ ಆ ಶಬ್ದ ಎಲ್ಲಿ ಬಲವಾಗಿದೆ, ಎಲ್ಲಿ ಸತ್ತಿದೆ ಅಂತ ಕಣ್ಣಿಗೆ ಕಾಣಿಸಬೇಕಾದರೆ ಬೆಳಕನ್ನೇ ಅಡ್ಡ ಹಾಯಿಸಬೇಕು.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಬೆಂಗಳೂರಿನ ತಮ್ಮ ಸಂಸ್ಥೆಯ ತೋಟದಲ್ಲೇ ದಹನವಾಯಿತು. ಮೆಗಾಸಾನಿಕ್ ತೊಳೆತ ಅಮೆರಿಕಾದ ಆರ್‌ಸಿಎ ಕಂಪನಿಯಲ್ಲಿ ರೂಪುಗೊಂಡದ್ದು ಅದೇ ದಶಕದಲ್ಲಿ.