ಪಾಲವಣಕರ ಬಾಳೂ

ನಮ್ಮ ಕಾಲೇಜಿನ ಮೈದಾನದಲ್ಲಿ ಕ್ರಿಕೆಟ್ ಪಂದ್ಯ ನಡೆದಾಗ ನಾವೆಲ್ಲರೂ ರನ್ನುಗಳನ್ನು ಲೆಕ್ಕ ಹಾಕುತ್ತ ಕೂಡುತ್ತೇವೆ. ನಸುಕಿನಲ್ಲೆದ್ದು ನೆಲಕ್ಕೆ ನೀರು ಹೊಡೆದು, ರೋಲರ್ ಎಳೆದು, ಪಿಚ್ಚನ್ನು ಹದಗೊಳಿಸಿದವನ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಅಂಥದೇ ಚಾಕರಿಯಿಂದ ಬದುಕನ್ನು ಆರಂಭಿಸಿ, ಭಾರತದ ಮೊದಲ ಶ್ರೇಷ್ಠ ಬೋಲರ್ ಎನಿಸಿಕೊಂಡವರು ಪಾಲವಣಕರ ಬಾಳೂ. ಅವರು ಹುಟ್ಟಿದ್ದು ಧಾರವಾಡದಲ್ಲಿ, 1875–76ರ ಸುಮಾರಿಗೆ.

ಬಾಳೂ ಅವರದು ಅಸ್ಪೃಶ್ಯರೆನಿಸಿಕೊಂಡ ಚಮ್ಮಾರ ಮನೆತನ. ತಂದೆ ಸೈನ್ಯದಲ್ಲಿ ಚಾಕರಿಗಿದ್ದುದರಿಂದ ಮಕ್ಕಳು ಪುಣೆಯಲ್ಲಿ ಬೆಳೆದರು. ಸಿಪಾಯಿಗಳು ಬಿಟ್ಟ ಹಳೆಯ ಸಾಮಾನುಗಳಿಂದ ಬಾಳೂ ಮತ್ತು ಅವರ ತಮ್ಮಂದಿರು ಕ್ರಿಕೆಟ್ ಕಲಿತರು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ಪಗಾರದ ಮೇಲೆ ಕಸ ಗುಡಿಸುವ, ಪಿಚ್ ಸಮ ಮಾಡುವ ಕೆಲಸ. 1892ರ ಸುಮಾರಿಗೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ ಪಗಾರವಾಯಿತು. ಅಲ್ಲಿ ಗ್ರೇಗ್ ಎಂಬ ಪ್ರಸಿದ್ಧ ಆಟಗಾರನ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಚೆಂಡೆಸೆಯುತ್ತ ಬಾಳೂ ಅವರ ಎಡಗೈ ಪಳಗಿತು. ತನ್ನನ್ನು ಔಟ್ ಮಾಡಿದಾಗಲೆಲ್ಲ ಗ್ರೇಗ್ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯಿದೆ. ಆದರೆ ಬ್ಯಾಟು ಹಿಡಿಯುವ ಅವಕಾಶವನ್ನು ಮಾತ್ರ ಆ ಕ್ಲಬ್ಬಿನಲ್ಲಿ ಯಾರೂ ಅವರಿಗೆ ಕೊಡಲಿಲ್ಲ.

ಇಂಗ್ಲಿಷರನ್ನು ಸೋಲಿಸುವ ಹಂಬಲವಿದ್ದ ಪುಣೆಯ ಹಿಂದೂ ತಂಡದವರು ಬಾಳೂ ಅವರನ್ನು ಕರೆದುಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ಜಾಗ. ಜೊತೆಗೆ ಆಡುವವರು ಜೊತೆಗೆ ಉಣ್ಣಲೂಬೇಕೆಂದು ನ್ಯಾಯಮೂರ್ತಿ ರಾನಡೆಯವರು ತಂಡದವರಿಗೆ ತಿಳಿಹೇಳಿದರಂತೆ.

ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಬಾಳೂ ಮುಂಬಯಿಗೆ ಹೋಗಿ, ರೈಲ್ವೆಯಲ್ಲಿ ನೌಕರಿ ಹಿಡಿದು, ಹಿಂದೂ ಜಿಮಖಾನಾ ತಂಡಕ್ಕೆ ಆಡತೊಡಗಿದರು. ಅಲ್ಲಿ ಕಾಲಕ್ರಮದಲ್ಲಿ ಅವರಿಗೂ ತಮ್ಮ ಶಿವರಾಮರಿಗೂ ಉಳಿದವರೊಡನೆ ಒಳಗೇ ಚಹಾ ಫಳಾರಗಳು ದೊರೆತವು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಆ ಗೆಲುವಿನಲ್ಲಿ ಬಾಳೂ ಅವರ ಪಾಲು ದೊಡ್ಡದಾಗಿತ್ತು.

1911ರಲ್ಲಿ ಪಟಿಯಾಲೆಯ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲಂಡಿಗೆ ಹೋಯಿತು. ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ದಾಟುತ್ತಿದ್ದ ಬಾಳೂ, ಭುಜದ ನೋವಿನಲ್ಲೂ ಒಟ್ಟು 114 ವಿಕೆಟ್ ಪಡೆದರು. ಲೆಸ್ಟರ್‌ಶೈರ್ ವಿರುದ್ಧದ ಗೆಲುವಿನಲ್ಲಿ 11 ವಿಕೆಟ್ ಅವರವೇ. ಮರಳಿ ಬಂದಾಗ ಮುಂಬಯಿಯ ದಲಿತ ಸಮಾಜ ಅವರನ್ನು ಸನ್ಮಾನಿಸಿತು. ಆ ಮಾನಪತ್ರವನ್ನು ಸಿದ್ಧಪಡಿಸುವಲ್ಲಿ ತರುಣ ಅಂಬೇಡಕರರ ಕೈಯಿತ್ತೆಂದು ಹೇಳುತ್ತಾರೆ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ವರ್ಷ ವರ್ಷವೂ ಅವರಿಗಿಂತ ಕಡಿಮೆ ಸಾಧಿಸಿದವರು, ಜಾತಿಯಲ್ಲಿ ಮೇಲಿನವರು, ನಾಯಕರಾದರು. 1920ರಲ್ಲಿ ಬಾಳೂ ಅವರನ್ನೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲರು ಪ್ರತಿಭಟಿಸಿ ತಂಡದಿಂದ ಹೊರನಡೆದರು. ಅಂತಿಮ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆಯಬೇಕಾಯಿತು. ನಾಯಕ ಪೈಯವರು ಮೈದಾನ ಬಿಟ್ಟು ಹೋಗಿದ್ದಾಗ, ಕೆಲಹೊತ್ತು ಮಾತ್ರ, ಬಾಳೂ ತಂಡವನ್ನು ನಡೆಸಿದರು. 1923ರಲ್ಲಿ ವಿಠ್ಠಲರು ನಾಯಕರಾದರು. ಅಣ್ಣ ಕಟ್ಟಿದ ದಾರಿಯಲ್ಲಿ ತಮ್ಮ ನಡೆದಂತಾಯಿತು.

ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಹೀಗಾಗಿ ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದ ಬಾಳೂ ಒಂದೂ ಟೆಸ್ಟ್ ಆಡಲಿಲ್ಲ. ಅದೇ ವರ್ಷ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ, ತಮ್ಮನ್ನು ಒಮ್ಮೆ ಮೆಚ್ಚಿದ್ದ ಅಂಬೇಡಕರರ ವಿರುದ್ಧವೇ ನಿಂತು, 2,020 ಮತಗಳಿಂದ ಸೋತರು. ಅವರು ಮುಂಬಯಿಯಲ್ಲಿ ತೀರಿಕೊಂಡದ್ದು 1955ರ ಜುಲೈಯಲ್ಲಿ.

ತಿಕೋಟಾದ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜನ ಮುಂದೆ ನಾನು ಈ ಚರಿತ್ರೆಯನ್ನು ಹೇಳಿದೆ. ನಮ್ಮ ಮನೆಯಲ್ಲಿ ಬಿ.ಎ.ವರೆಗೆ ಬಂದವನು ನಾನೇ ಮೊದಲಿಗ. ಅಜ್ಜನಿಗೆ ಓದು ಬಾರದು, ಕ್ರಿಕೆಟ್ಟೂ ಗೊತ್ತಿಲ್ಲ. ಅವನು ವಿಕೆಟ್ಟುಗಳ ಲೆಕ್ಕ ಕೇಳಲಿಲ್ಲ. ಕಡೆಗಾದರೂ ಆ ಮನುಷ್ಯನಿಗೆ ಒಳಗೆ ಕೂಡಿಸಿ ಚಹಾ ಕೊಟ್ಟರೋ ಇಲ್ಲವೋ ಎಂದಷ್ಟೇ ಕೇಳಿದ. ಪ್ರಾಯದಲ್ಲಿ ಬಬಲೇಶ್ವರದ ಸಂತೆಗೆ ಹೋಗಿಬರುವ ದಾರಿಯಲ್ಲಿ, ಒಂದು ಚಹಾದಂಗಡಿಯ ಹೊರಗೆ ಗೂಡಿನಲ್ಲಿಟ್ಟ ಬೇರೆ ಬಸಿಯನ್ನು ತಾನೇ ತೊಳೆದು ಕುಡಿದವನು ಅವನು. ಕೊಟ್ಟರು ಎಂದು ಹೇಳಿದೆ, ಅಜ್ಜನಿಗೆ ಸಮಾಧಾನವಾಯಿತು. ನಾಯಕತ್ವ ಕೊಡಲಿಲ್ಲ ಎಂಬುದನ್ನು ಅಂದು ನಾನು ಹೇಳಲಿಲ್ಲ. ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಒಳಗೆ ಕುಳಿತವನಿಗೆ ಮುಂದಾಳುತನವೂ ಸಿಗುತ್ತದೆಯೇ ಎಂದು ಕೇಳುವ ಸರದಿ ಈಗ ಓದಿದ ನಮ್ಮದು.