ಕರಿನೀರಿಗೆ ಹೋದ ಕಾಶಿಬಾಯಿ, ಬಾಗಿಲು ತೆರೆದ ಸಾವಿತ್ರಿಬಾಯಿ ಫುಲೆ

ಜನವರಿ 3 ಬಂದರೆ ಸಾವಿತ್ರಿಬಾಯಿ ಫುಲೆ ಅವರ ಚಿತ್ರ ಎಲ್ಲರ ಮೊಬೈಲ್ ಸ್ಟೇಟಸ್‌ನಲ್ಲಿ ಕಾಣಿಸುತ್ತದೆ. 1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆ, ದಾರಿಯಲ್ಲಿ ಮೈಮೇಲೆ ಬಿದ್ದ ಸಗಣಿ, ಕಲ್ಲು ಇವೆಲ್ಲ ನಮಗೆ ಗೊತ್ತು. ಆದರೆ ಜೈಲು ಪಾಲಾಗಬಹುದಾಗಿದ್ದ ವಿಧವೆಯರಿಗೆ ಅವರು ತಮ್ಮ ಮನೆಯಲ್ಲೇ ಹೆರಿಗೆ ಮಾಡಿಸಿದ ಕಥೆ ಅಷ್ಟಾಗಿ ಹರಿದಾಡುವುದಿಲ್ಲ.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. ಒಂಬತ್ತನೇ ವಯಸ್ಸಿಗೆ ಜೋತಿರಾವ್ ಫುಲೆ ಅವರೊಂದಿಗೆ ಮದುವೆಯಾಯಿತು. ಅಕ್ಷರ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ.

ಜೋತಿರಾವ್ 1884ರಲ್ಲಿ ಬರೆದ ಟಿಪ್ಪಣಿಯಲ್ಲಿ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆಯ ಪ್ರಸ್ತಾಪವಿದೆ. ಫುಲೆ ದಂಪತಿಯ ಗೆಳೆಯ ಗೋವಂಡೆ ಅವರ ಮನೆಯಲ್ಲಿ ಆಕೆ ಅಡುಗೆ ಮಾಡುತ್ತಿದ್ದಳು. ಒಬ್ಬ ಶಾಸ್ತ್ರಿಯಿಂದ ಬಸುರಾದಳು, ಹೆತ್ತಳು, ಅವಮಾನಕ್ಕೆ ಹೆದರಿ ಕೂಸನ್ನು ಕೊಂದು ಬಾವಿಗೆ ಹಾಕಿದಳು. ನ್ಯಾಯಾಲಯ ಆಕೆಗೆ ಜೀವಾವಧಿ ಕರಿನೀರಿನ ಶಿಕ್ಷೆ ವಿಧಿಸಿ ಅಂಡಮಾನಿಗೆ ಕಳುಹಿಸಿತು. ಶಾಸ್ತ್ರಿಯ ಮೇಲೆ ಹೊರಿಸಲು ಯಾವ ಅಪರಾಧವೂ ಇರಲಿಲ್ಲ!

ವಿಧವೆಯ ಮರುಮದುವೆಗೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಆದರೆ ಮನೆಯವರು, ಜಾತಿಯವರು ಒಪ್ಪಬೇಕಲ್ಲ? ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದವರೇ ಆಕೆಯ ಹೊಟ್ಟೆಯ ಮೇಲೂ ಕಣ್ಣಿಡುತ್ತಿದ್ದರು. ಹೀಗೆ ಮನೆಯೊಳಗೆ ಹುಟ್ಟಿದ ಅಪರಾಧಕ್ಕೆ ಸರ್ಕಾರ ಶಿಕ್ಷೆ ಕೊಡುತ್ತಿತ್ತು. ಇನ್ನೊಂದು ವಿಪರ್ಯಾಸ ನೋಡಿ. ಅಂಡಮಾನಿನಲ್ಲಿ ಕೈದಿಗಳ ಸಂಸಾರಗಳು ನೆಲೆಯೂರಲಿ ಎಂದು ಅದೇ ಸರ್ಕಾರ ಹೆಣ್ಣು ಕೈದಿಗಳಿಗೆ ಮದುವೆಯಾಗಲು ಅವಕಾಶ ಕೊಡುತ್ತಿತ್ತು. ಊರಲ್ಲಿ ಸಿಗದ ಮರುಮದುವೆ ಶಿಕ್ಷೆಯ ದ್ವೀಪದಲ್ಲಿ ಸಿಗಬಹುದಿತ್ತು.

ಫುಲೆ ದಂಪತಿ 1863ರಲ್ಲಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ ಹೆರಬಹುದು, ಮಗುವನ್ನು ಬಿಟ್ಟು ಹೋಗಲೂಬಹುದು ಎಂದು ಬ್ರಾಹ್ಮಣರ ಕೇರಿಗಳಲ್ಲಿ ಭಿತ್ತಿಪತ್ರ ಅಂಟಿಸಿದರು. ಬಂದವರ ಬಾಣಂತನ, ಕೂಸುಗಳ ಆರೈಕೆ ಸಾವಿತ್ರಿಬಾಯಿ ಅವರ ಪಾಲಿಗೆ ಬಂತು. ಟಿಪ್ಪಣಿ ಬರೆಯುವ ಹೊತ್ತಿಗೆ 35 ವಿಧವೆಯರು ಅಲ್ಲಿ ಹೆತ್ತಿದ್ದರು. ಬದುಕುಳಿದ ಮಕ್ಕಳು ಐದೇ. ಗರ್ಭ ಇಳಿಸಲು ತಾಯಂದಿರು ಮೊದಲೇ ಕುಡಿದಿದ್ದ ವಿಷದ ಔಷಧಿಗಳೇ ಉಳಿದ ಮಕ್ಕಳ ಸಾವಿಗೆ ಕಾರಣ ಎಂದು ಜೋತಿರಾವ್ ದಾಖಲಿಸಿದ್ದಾರೆ.

ಆ ಮನೆಯ ಹೊರಗೆ ಏನೂ ಬದಲಾಗಲಿಲ್ಲ. 1881ರಲ್ಲಿ ಸೂರತ್‌ನ ವಿಧವೆ ವಿಜಯಲಕ್ಷ್ಮಿಗೆ ಇಂಥದೇ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಯಿತು, ಮೇಲ್ಮನವಿಯ ನಂತರ ಅದು ಗಡೀಪಾರಿಗೆ ಇಳಿಯಿತು. ಆ ಸಿಟ್ಟಿನಲ್ಲೇ ತಾರಾಬಾಯಿ ಶಿಂದೆ ಮರುವರ್ಷ ಸ್ತ್ರೀ ಪುರುಷ ತುಲನಾ ಬರೆದರು. ಹುಟ್ಟನ್ನು ಮುಚ್ಚಿಡಲು ಶಿಶುವಿನ ಶವವನ್ನು ಗುಟ್ಟಾಗಿ ಹೂಳುವುದನ್ನು ಅಪರಾಧವಾಗಿಸಿದ್ದ ದಂಡ ಸಂಹಿತೆಯ 318ನೇ ಕಲಮು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 94ನೇ ಕಲಮಾಗಿ ಮುಂದುವರಿದಿದೆ.

1874ರಲ್ಲಿ ಆ ಮನೆಗೆ ಇನ್ನೊಬ್ಬ ಕಾಶಿಬಾಯಿ ಬಂದಳು. ಆಕೆಗೆ ಹುಟ್ಟಿದ ಗಂಡುಮಗುವನ್ನು ಫುಲೆ ದಂಪತಿ ದತ್ತು ಪಡೆದು ಯಶವಂತ ಎಂದು ಹೆಸರಿಟ್ಟರು. 1890ರಲ್ಲಿ ಜೋತಿರಾವ್ ತೀರಿಕೊಂಡಾಗ, ದತ್ತುಮಗ ಅಂತ್ಯಕ್ರಿಯೆ ಮಾಡಬಾರದೆಂದು ಬಂಧುಗಳು ತಗಾದೆ ತೆಗೆದರು. ಸಾವಿತ್ರಿಬಾಯಿ ತಾವೇ ಬೆಂಕಿಯ ಮಡಕೆ ಹಿಡಿದು ಶವಯಾತ್ರೆಯ ಮುಂದೆ ನಡೆದರು.

ಯಶವಂತ ಓದಿ ಡಾಕ್ಟರಾದರು. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಅಮ್ಮ, ಮಗ ಸೇರಿ ಊರಾಚೆ ರೋಗಿಗಳ ಆರೈಕೆಗೆ ನಿಂತರು. ಪ್ಲೇಗ್ ತಗುಲಿದ್ದ ಬಾಲಕನೊಬ್ಬನನ್ನು ಹೊತ್ತು ತಂದ ಸಾವಿತ್ರಿಬಾಯಿ ಅವರಿಗೂ ಸೋಂಕು ತಗುಲಿತು. ಮಾರ್ಚ್ 10ರಂದು ಅವರು ಕೊನೆಯುಸಿರೆಳೆದರು.